ಬೇಸಿಗೆ ರಜೆಯ ಕೂಲಿ ಲೆಕ್ಕ



ಶಾಲೆಗೆ ರಜೆ ಎಂದರೆ ಮಕ್ಕಳಿಗೆ ಹಬ್ಬ, ಮೇಷ್ಟ್ರಿಗೆ ಬಿಡುವು. ಕೂಲಿಗೆ ಹೋಗುವ ತಾಯಿಗೆ ಅದು ಏನು? ಈ ಪ್ರಶ್ನೆಯನ್ನು ನಮ್ಮ ಪಠ್ಯಪುಸ್ತಕಗಳು ಎಂದೂ ಕೇಳಲಿಲ್ಲ. ಶಿಕ್ಷಣದ ಇತಿಹಾಸ ಬರೆದವರೂ ಹೆಚ್ಚಾಗಿ ಕೇಳಿದಂತೆ ಕಾಣುವುದಿಲ್ಲ. ನಿಮ್ಮಲ್ಲಿ ಅನೇಕರು ಈಗ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲಿ, ಕೆಲವರು ಸಮುದ್ರದಾಚೆಯಲ್ಲಿ ನೆಲೆಸಿದ್ದೀರಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೀರಿ. ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರದ ಶುಲ್ಕ, ಡೇ ಕೇರ್ ಶುಲ್ಕ, ಊರಿನಿಂದ ಅಜ್ಜಿಯನ್ನು ಕರೆಸಿಕೊಳ್ಳುವ ಮಾತು ನಿಮ್ಮ ದೂರವಾಣಿ ಕರೆಗಳಲ್ಲಿ ಬಂದೇ ಬರುತ್ತದೆ. ಇದು ಪಟ್ಟಣದ ಹೊಸ ಕಷ್ಟವೆಂದು ನೀವು ಭಾವಿಸಿರಬಹುದು. ಮಾಗಳದಂಥ ಹಳ್ಳಿಯಲ್ಲಿ ಇದು ಬಹು ಹಳೆಯ ಕಷ್ಟ. ಇಲ್ಲಿ ಅದಕ್ಕೆ ರಸೀದಿ ಬರೆಯುವವರು ಇರಲಿಲ್ಲ, ಆದ್ದರಿಂದ ಲೆಕ್ಕ ಉಳಿಯಲಿಲ್ಲ. ಆ ಲೆಕ್ಕವನ್ನು ಸಾಧ್ಯವಾದಷ್ಟು ಬರೆದಿಡಬೇಕೆಂದು ಈ ಲೇಖನ.

ಎರಡು ಶತಮಾನಗಳ ಹಿಂದಿನ ಒಂದು ವರದಿಯಿಂದ ಆರಂಭಿಸುತ್ತೇನೆ. 1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ದೇಶೀ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ಒಂದು ವರದಿ ಕಳಿಸಿದ. ಆಗ ನಮ್ಮ ಹಡಗಲಿ ಸೀಮೆಯೂ ಆ ಜಿಲ್ಲೆಯಲ್ಲೇ ಇತ್ತು. ಅವನ ಲೆಕ್ಕದಲ್ಲಿ ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಉಳಿದವು ಮರಾಠಿ, ಫಾರಸಿ, ಸಂಸ್ಕೃತ ಮೊದಲಾದವು. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ಈ ವರದಿ ಈಗ ಎಲ್ಲರಿಗೂ ಪರಿಚಿತವಾಗಿದೆ.

ಈ ವರದಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಶಾಲೆಗಳ ಸಂಖ್ಯೆಯನ್ನು ಹೇಳಿ ನಿಲ್ಲಿಸುತ್ತಾರೆ. ನನ್ನ ಮನಸ್ಸನ್ನು ಹಿಡಿದದ್ದು ಅದರಲ್ಲಿನ ಇನ್ನೊಂದು ಮಾತು. ಜನ ಬಡವರಾಗುತ್ತಾ ಬಂದುದರಿಂದ ಮಧ್ಯಮ ಮತ್ತು ಕೆಳವರ್ಗದವರು ಮಕ್ಕಳ ಓದಿನ ಖರ್ಚು ಭರಿಸಲಾರರು, ಎಳೆಯ ಕೈಕಾಲುಗಳು ಒಂದಿಷ್ಟು ಕೆಲಸಕ್ಕೆ ಬರುತ್ತಲೇ ಮನೆಯವರಿಗೆ ಅವುಗಳ ಸಹಾಯ ಬೇಕಾಗುತ್ತದೆ ಎಂಬ ಅರ್ಥದ ಮಾತನ್ನು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಅಂದರೆ ಓದಿನ ವೆಚ್ಚ ಗುರುದಕ್ಷಿಣೆಗೆ ಮುಗಿಯುವುದಿಲ್ಲ. ಮಗು ಶಾಲೆಯಲ್ಲಿ ಕುಳಿತ ಹೊತ್ತಿನಲ್ಲಿ ಮನೆಗೆ ತಪ್ಪಿದ ದುಡಿಮೆಯೂ ವೆಚ್ಚವೇ. ಇದನ್ನು ತಿರುಗಿಸಿ ನೋಡಿದರೆ ನಮ್ಮ ವಿಷಯ ಎದುರಾಗುತ್ತದೆ. ಶಾಲೆ ಮುಚ್ಚಿದ ದಿನ ಮಗುವನ್ನು ಕಾಯಲು ಮನೆಯಲ್ಲಿ ಒಬ್ಬರು ಉಳಿಯಬೇಕು. ಆ ಒಬ್ಬರ ದುಡಿಮೆ ತಪ್ಪುತ್ತದೆ. ಅದೂ ವೆಚ್ಚವೇ.

ಹಳೆಯ ಕಾಲದ ಕೂಲಿಮಠಗಳಿಗೆ ದೀರ್ಘ ಬೇಸಿಗೆ ರಜೆಯ ಪದ್ಧತಿ ಇರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯಗಳಂಥ ಅನಧ್ಯಯನದ ದಿನಗಳು, ಹಬ್ಬ, ಜಾತ್ರೆ, ಇಷ್ಟೇ ಬಿಡುವು. ಬೆಳಿಗ್ಗೆ ಆರಕ್ಕೇ ಪಾಠ ಆರಂಭವಾಗುತ್ತಿತ್ತೆಂದು ಕ್ಯಾಂಪ್‌ಬೆಲ್ಲನೇ ತಿಳಿಸಿದ್ದಾನೆ. ಕಚೇರಿ, ನ್ಯಾಯಾಲಯಗಳ ಪಂಚಾಂಗದ ಜೊತೆಗೆ ಬೇಸಿಗೆಯ ಉದ್ದ ರಜೆ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಮದರಾಸಿನ ಸರ್ಕಾರವೇ ಬೇಸಿಗೆಯಲ್ಲಿ ಉದಕಮಂಡಲದ ತಂಪಿಗೆ ಹೋಗುತ್ತಿದ್ದ ಕಾಲವದು. ನಮ್ಮ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು. ಏಪ್ರಿಲ್ ಮೇ ತಿಂಗಳ ರಜೆ ಮಾತ್ರ ಬದಲಾಗಲಿಲ್ಲ. ನಮ್ಮ ಸೀಮೆಯ ಬಿಸಿಲನ್ನು ಬಲ್ಲವರು ಆ ರಜೆ ಬೇಡವೆನ್ನಲಾರರು. ತಗಡಿನ ಚಾವಣಿಯ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಕೂರಿಸುವುದು ಕ್ರೌರ್ಯ. ಆದರೆ ಬಿಸಿಲಿಗೆ ಶಾಲೆ ಮುಚ್ಚಬಹುದು. ಹೊಟ್ಟೆಗೆ ಬಾಗಿಲು ಹಾಕಲಾಗುವುದಿಲ್ಲ.

ನನ್ನ ಬಾಲ್ಯದ ಮಾಗಳದಲ್ಲಿ ಈ ಕಷ್ಟವನ್ನು ಊರು ತನ್ನದೇ ರೀತಿಯಲ್ಲಿ ಹಂಚಿಕೊಳ್ಳುತ್ತಿತ್ತು. ಹಾಲುಗೂಸಾದರೆ ಹೊಲದ ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟುತ್ತಿದ್ದರು. ನಡೆಯಬಲ್ಲ ಮಕ್ಕಳು ಅಜ್ಜಿಯ ಕಣ್ಣಳತೆಯಲ್ಲಿ, ಸೂರ್ಯನಾರಾಯಣ ದೇವಾಲಯದ ನೆರಳಲ್ಲಿ ಆಡುತ್ತಿದ್ದರು. ಅದಕ್ಕಿಂತ ದೊಡ್ಡವರನ್ನು ಸೋದರಮಾವನ ಮನೆಗೆ ಕಳಿಸುತ್ತಿದ್ದರು. 'ರಜೆಗೆ ಅಜ್ಜಿಮನೆ' ಎಂದು ನಾವು ಹಾಡಿ ಹೊಗಳುವ ಸುಖದ ಹಿಂದೆ ಒಂದು ಮನೆಯ ಎರಡು ಹೊತ್ತಿನ ಊಟವನ್ನು ಇನ್ನೊಂದು ಮನೆಗೆ ವರ್ಗಾಯಿಸುವ ಜಾಣತನವೂ ಇತ್ತು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವಂತೆ ಹೆಂಗಸರು ಮಕ್ಕಳ ಮೇಲ್ವಿಚಾರಣೆಗೂ ಮುಯ್ಯಿ ಮಾಡಿಕೊಳ್ಳುತ್ತಿದ್ದರು: ಈ ದಿನ ನಿನ್ನ ಕೂಸನ್ನು ನಾನು ನೋಡುತ್ತೇನೆ, ನಾಳೆ ನನ್ನದನ್ನು ನೀನು ನೋಡು.

ಇದನ್ನು ಬರೆಯುವಾಗ ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ಮಾತಿಗೆ ನಾನು ಸಹಿ ಹಾಕುತ್ತಿಲ್ಲ. ಆ ವ್ಯವಸ್ಥೆಗೂ ಬೆಲೆ ಇತ್ತು, ಬೇರೆಯವರು ತೆರುತ್ತಿದ್ದರು ಅಷ್ಟೆ. ತೆರುತ್ತಿದ್ದವಳು ಮನೆಯ ಹಿರಿಯ ಹೆಣ್ಣುಮಗಳು. ಒಂಬತ್ತೋ ಹತ್ತೋ ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು ನಿಂತಿರುವ ಚಿತ್ರ ನಮ್ಮ ಓಣಿಗಳಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದನ್ನು ಯಾರೂ ಕೆಲಸವೆಂದು ಕರೆಯುತ್ತಿರಲಿಲ್ಲ. ನಾನು ಮೇಷ್ಟ್ರಾದ ಮೇಲೆ ಈ ಚಿತ್ರದ ಮುಂದಿನ ಭಾಗವನ್ನು ಕಂಡೆ. ಜೂನ್ ಮೊದಲ ವಾರ ಹಾಜರಿ ಪುಸ್ತಕ ತೆರೆದು ಹೆಸರು ಕೂಗುವಾಗ ಕೆಲವು ಹೆಸರುಗಳಿಗೆ ಉತ್ತರ ಬರುತ್ತಿರಲಿಲ್ಲ. ಮನೆಗೆ ಹೋಗಿ ವಿಚಾರಿಸಿದರೆ, "ರಜೆಯಾಗ ಕೂಸು ನೋಡಿಕೊಂತ ಮನ್ಯಾಗ ಇದ್ಲು ಸರ್, ಹಂಗ ರೂಢಿ ಆತು" ಎನ್ನುತ್ತಿದ್ದರು. ಬಡತನ, ಬಾಲ್ಯವಿವಾಹ, ಕಾಯಿಲೆ ಎಂಬ ಕಾರಣಗಳಿಗೆ ನಮ್ಮ ನಮೂನೆಗಳಲ್ಲಿ ಜಾಗವಿತ್ತು. 'ರಜೆ' ಎಂಬ ಕಾರಣಕ್ಕೆ ಇರಲಿಲ್ಲ.

ನಮ್ಮ ಹಡಗಲಿ ಸೀಮೆಗೆ ಮಲ್ಲಿಗೆಯಿಂದ ಹೆಸರು. ಭೌಗೋಳಿಕ ಗುರುತಿನ ಮಾನ್ಯತೆಯೂ ಆ ಹೂವಿಗೆ ದೊರೆತಿದೆ. ಅದರ ಸುಗ್ಗಿ ಬೇಸಿಗೆ. ಮೊಗ್ಗು ಬಿರಿಯುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ ತೋಟದಲ್ಲಿರಬೇಕು. ಬಿಡಿಸಿದ ಹೂವು ಬೆಳಗಿನ ಬಸ್ಸಿಗೆ ಮಾರುಕಟ್ಟೆಗೆ ಹೋಗಬೇಕು. ಹೀಗೆ ಹೆಂಗಸರಿಗೆ ಕೂಲಿ ಸಿಗುವ ತಿಂಗಳು, ಶಾಲೆ ಮುಚ್ಚುವ ತಿಂಗಳು ಎರಡೂ ಒಂದೇ. ತಾಯಿಯ ಮುಂದೆ ಮೂರು ದಾರಿಗಳು: ಮಗುವನ್ನು ತೋಟಕ್ಕೆ ಕರೆದೊಯ್ಯುವುದು, ಅಕ್ಕನ ಕೈಗೆ ಒಪ್ಪಿಸುವುದು, ಇಲ್ಲವೇ ಬಿಟ್ಟು ಹೋಗುವುದು. ತೋಟಕ್ಕೆ ಹೋದ ಮಗುವಿನ ಸಣ್ಣ ಬೆರಳು ಮೊಗ್ಗಿಗೆ ಅನುಕೂಲ. ಎರಡು ದಿನದಲ್ಲಿ ಅದೂ ಕೂಲಿಯಾಗುತ್ತದೆ. ಬಿಟ್ಟು ಹೋದ ಮಕ್ಕಳು ಮಧ್ಯಾಹ್ನದ ಸೆಖೆಗೆ ಹೊಳೆಗೆ ಇಳಿಯುತ್ತಾರೆ. ತುಂಗಭದ್ರೆ ಬೇಸಿಗೆಯಲ್ಲಿ ಬಡವಾಗಿ ಕಾಣುತ್ತಾಳೆ, ಆದರೆ ಮರಳು ತೆಗೆದ ಗುಂಡಿಗಳು ಕಾಣುವುದಿಲ್ಲ. ಹೊಳೆಸಾಲಿನ ಊರಿನವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಒಮ್ಮೆ ಏಪ್ರಿಲ್‌ನ ಕೊನೆಯ ಪಾಠದ ದಿನ ಒಬ್ಬ ತಾಯಿ ಬಂದು, "ಇನ್ನೊಂದು ತಿಂಗಳು ಶಾಲಿ ನಡಸ್ರಿ ಸರ್, ಪಾಠ ಮಾಡದಿದ್ರೂ ಚಿಂತಿಲ್ಲ, ಒಳಗ ಕುಂದರಿಸಿಕೊಳ್ರಿ" ಎಂದು ಕೇಳಿದ್ದಳು. ಶಾಲೆ ಎಂಬುದು ಪಾಠದ ಆಚೆಗೆ ಏನು ಎಂಬುದನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ.

ಕೂಡ್ಲಿಗಿ, ಹರಪನಹಳ್ಳಿಯ ಕಡೆಯ ಹಳ್ಳಿ, ತಾಂಡಾಗಳ ಕಥೆ ಇನ್ನೂ ಕಠಿಣ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ: ಕಾಫಿ ಸೀಮೆಗೆ, ಮಂಡ್ಯದ ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಓದುವ ಮಕ್ಕಳನ್ನು ಸರ್ಕಾರಿ ಹಾಸ್ಟೆಲಿನಲ್ಲೋ ಅಜ್ಜಿಯ ಬಳಿಯೋ ಬಿಡುತ್ತಾರೆ. ಬೇಸಿಗೆಗೆ ಹಾಸ್ಟೆಲಿನ ಬಾಗಿಲು ಹಾಕಿದಾಗ ಆ ಮಗು ಹೋಗುವುದೆಲ್ಲಿಗೆ? ತಂದೆತಾಯಿ ಇರುವ ತಗಡಿನ ಶೆಡ್ಡಿಗೆ. ರಜೆ ಮುಗಿಯುವಷ್ಟರಲ್ಲಿ ಅದು ಇಟ್ಟಿಗೆ ಎತ್ತಿಕೊಡಲು ಕಲಿತಿರುತ್ತದೆ. ಬಸ್ ಚಾರ್ಜು ಕೊಟ್ಟು ಮರಳಿ ಕಳಿಸುವುದೋ, ಇಲ್ಲೇ ಇಟ್ಟುಕೊಳ್ಳುವುದೋ ಎಂಬ ತೀರ್ಮಾನ ಆ ಶೆಡ್ಡಿನಲ್ಲಿ ಆಗುತ್ತದೆ.

ಇನ್ನು ಕಾನೂನಿನ ಕಡೆ ನೋಡೋಣ. ದುಡಿಯುವ ತಾಯಿಯ ಮಗುವಿನ ಬಗ್ಗೆ ನಮ್ಮ ಶಾಸನಗಳು ಮೌನವಾಗಿದ್ದವೆಂದು ಹೇಳಿದರೆ ಅದು ಅನ್ಯಾಯವಾದೀತು. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1976ರಲ್ಲಿ ಐವತ್ತು ಮೂವತ್ತಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆ, 1966ರ ಬೀಡಿ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಎಲ್ಲದರಲ್ಲೂ ಇಂಥ ನಿಯಮವಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತು. ಈ ಕಾಯ್ದೆಗಳೆಲ್ಲ ಹೇಳಿದ ವಯಸ್ಸು ಒಂದೇ: ಆರು ವರ್ಷದೊಳಗಿನ ಮಕ್ಕಳು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆರರ ಗೆರೆಯೇ ಉಳಿದಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ, ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲಾದ ಅಂಗನವಾಡಿ ಯೋಜನೆಯದೂ ಅದೇ ಗೆರೆ.

ಆರು ದಾಟಿದ ಮಗುವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಕೈಹಿಡಿಯುತ್ತದೆ. ಆರರಿಂದ ಹದಿನಾಲ್ಕರವರೆಗೆ ಅದು ಶಾಲೆಯ ಮಗು. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಉಳಿದ ದಿನಗಳು? ಮೊದಲ ಲೆಕ್ಕದಲ್ಲಿ 165, ಎರಡನೆಯದರಲ್ಲಿ 145. ಆ ದಿನಗಳಲ್ಲಿ ಏಳು ವರ್ಷದ ಮಗು ಅಂಗನವಾಡಿಗೆ ದೊಡ್ಡದು, ಶಾಲೆಗೆ ಹೊರಗಿನದು.

ರಜೆಯ ಹೆಸರೆತ್ತಿ ಮಾತನಾಡಿದ ಒಂದು ಕಾಯ್ದೆ ಉಂಟು. ಅದು ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ. ಹದಿನಾಲ್ಕರ ಕೆಳಗಿನ ಮಕ್ಕಳ ದುಡಿಮೆಯನ್ನು ಪೂರ್ತಿ ನಿಷೇಧಿಸಿದ ಆ ತಿದ್ದುಪಡಿ, ಶಾಲೆಯ ಅವಧಿಯ ನಂತರ ಅಥವಾ ರಜೆಯ ದಿನಗಳಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕೆಲಸಕ್ಕೆ ಮಗು ನೆರವಾಗಬಹುದೆಂದು ವಿನಾಯಿತಿ ನೀಡಿತು. ಮಗ ತಂದೆಯ ಮಗ್ಗವನ್ನೋ ಕುಲುಮೆಯನ್ನೋ ನೋಡಿ ಕಲಿಯಲಿ ಎಂಬ ಸದಾಶಯ ಅದರ ಹಿಂದಿದ್ದೀತು. ಆದರೂ ಯೋಚಿಸಿ: ಈ ಎಲ್ಲ ಶಾಸನಗಳಲ್ಲಿ ರಜೆ ಎಂಬ ಪದ ನನ್ನ ಕಣ್ಣಿಗೆ ಬಿದ್ದದ್ದು ಮಗುವನ್ನು ಕಾಯುವ ಸಲುವಾಗಿ ಅಲ್ಲ, ದುಡಿಸಬಹುದಾದ ಹೊತ್ತನ್ನು ಗುರುತಿಸುವ ಸಲುವಾಗಿ.

ಈಗ ಕೂಲಿಯ ಲೆಕ್ಕ. 2024ರಲ್ಲಿ ನಮ್ಮ ರಾಜ್ಯದ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಒಟ್ಟು 48 ದಿನ. ಏಳು ಭಾನುವಾರ ಕಳೆದರೆ 41. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಮಗುವನ್ನು ಕಾಯಲು ಮನೆಯಲ್ಲೇ ಉಳಿದ ತಾಯಿ ಕಳೆದುಕೊಳ್ಳಬಹುದಾದ ಕೂಲಿ 41 ಗುಣಿಸು 349, ಅಂದರೆ 14,309 ರೂಪಾಯಿ. ಕಾಯ್ದೆ ಖಾತರಿ ಕೊಟ್ಟದ್ದು ಇಡೀ ಮನೆಗೆ ವರ್ಷಕ್ಕೆ 100 ದಿನ. ಮಳೆಗಾಲ ಬರುವ ಮೊದಲು ಕೆರೆ ಹೂಳು, ಬದು, ಕೃಷಿಹೊಂಡದ ಕೆಲಸ ನಮ್ಮ ಕಡೆ ಜೋರಾಗುವುದು ಬೇಸಿಗೆಯಲ್ಲೇ. ಬೆಂಗಳೂರಿನಲ್ಲಿ ಶಿಬಿರದ ಶುಲ್ಕ ಹೆಚ್ಚಾಯಿತೆಂದು ಹೇಳುವ ನನ್ನ ಶಿಷ್ಯರು ಈ ಸಂಖ್ಯೆಯನ್ನು ಪಕ್ಕಕ್ಕಿಟ್ಟು ನೋಡಬೇಕು. ನೀವು ದುಡಿದ ಹಣದಲ್ಲಿ ಒಂದು ಪಾಲು ಕೊಡುತ್ತೀರಿ. ಇವಳು ದುಡಿಯುವ ಅವಕಾಶವನ್ನೇ ಕೊಡುತ್ತಾಳೆ.

ಇದಕ್ಕೆ ಪರಿಹಾರ ಹುಡುಕಿದವರು ಇಲ್ಲದಿಲ್ಲ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಮುಂಬಯಿ ಪ್ರಾಂತ್ಯದ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದರು. ಅವರೊಡನೆ ಅನುತಾಯಿ ವಾಘ್ ದುಡಿದರು. ಮುಂದೆ ಅವರು ಕೋಸಬಾಡದಲ್ಲಿ ಕೂಸುಗಳ ಕೋಣೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ತಮ್ಮನನ್ನು ಎತ್ತಿಕೊಂಡು ಬಂದ ಅಕ್ಕ ಅವನನ್ನು ಅಲ್ಲೇ ಒಪ್ಪಿಸಿ ಪಾಠಕ್ಕೆ ಕೂರಬಹುದಾಗಿತ್ತು. 1969ರಲ್ಲಿ ಮೀರಾ ಮಹಾದೇವನ್ ದೆಹಲಿಯ ಕಟ್ಟಡ ಕೆಲಸದ ನಡುವೆಯೇ ಕೂಲಿಕಾರರ ಮಕ್ಕಳಿಗಾಗಿ ಡೇರೆ ಹಾಕಿ ಮೊಬೈಲ್ ಕ್ರೆಶ್ ಕಟ್ಟಿದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು ಹಗಲು ಪಾಲನಾ ಕೇಂದ್ರಗಳು ಬೇಕೆಂದು ಒಪ್ಪಿತು. ನಮ್ಮ ಜೂನ್ ತಿಂಗಳ ಹಾಜರಿ ಪುಸ್ತಕದ ಸತ್ಯ ಆ ನೀತಿಯಲ್ಲಿ ಒಂದು ಸಾಲಾಗಿ ಬಂದಿತ್ತು.

2002ರ ಜೂನ್‌ನಲ್ಲಿ ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. ಅದರ ಬೆನ್ನಿಗೇ, 2004ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯ, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಶಾಲೆಯ ಊಟ ನೀಡಬೇಕೆಂದು ಆದೇಶಿಸಿತು. ರಜೆಯಲ್ಲೂ ಮಗುವಿಗೆ ಹಸಿವಾಗುತ್ತದೆಂಬುದು ಈ ದೇಶದ ಅಧಿಕೃತ ಕಾಗದದಲ್ಲಿ ಹಾಗೆ ದಾಖಲಾಯಿತು. 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ 223 ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯ ಬಿಸಿಯೂಟದ ವ್ಯವಸ್ಥೆಯಾಯಿತು. ಆದರೆ ಇದಕ್ಕೆ ಬರ ಬೀಳಬೇಕು. ಮಳೆ ಚೆನ್ನಾಗಿ ಆದ ವರ್ಷ ಏಪ್ರಿಲ್‌ನಲ್ಲಿ ತಾಯಿ ಕೂಲಿಗೆ ಹೋಗುವುದಿಲ್ಲವೇ? ಹಾಗೆಯೇ 2023-24ರ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು. ಹೆಸರೂ ಚೆಂದ, ಉದ್ದೇಶವೂ ಚೆಂದ. ಆದರೆ ಅದು ಕೂಸುಗಳಿಗೆ. ಮೂರನೆಯ ತರಗತಿಯ ಹುಡುಗಿ ಅಲ್ಲಿಗೆ ಬಂದರೆ ತಮ್ಮನನ್ನು ಬಿಟ್ಟು ಹೋಗಲು ಬಂದಿರುತ್ತಾಳೆ.

ಶಾಲೆಯ ಬಾಗಿಲು ಬಹುಕಾಲ ಮುಚ್ಚಿದರೆ ಏನಾಗುತ್ತದೆಂಬುದನ್ನು ಕೊರೋನಾ ತೋರಿಸಿತು. 2020ರ ಮಾರ್ಚ್‌ನಲ್ಲಿ ಮನೆಗೆ ಹೋದ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ತರಗತಿಯಲ್ಲಿ ಕುಳಿತದ್ದು 2021ರ ಅಕ್ಟೋಬರ್ 25ರಂದು. ನಡುವೆ ಮರದ ನೆರಳಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಶಿಕ್ಷಕರು ನಡೆಸಿದ 'ವಿದ್ಯಾಗಮ' ಕೆಲವು ತಿಂಗಳು ಮಾತ್ರ ಬಾಳಿತು. ಇತ್ತೀಚೆಗೆ, 2025ರಲ್ಲಿ, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದುದರಿಂದ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಬಹಳ ನಡೆಯಿತು, ಪಾಠ ಹಿಂದುಳಿಯುವ ಚರ್ಚೆಯೂ ನಡೆಯಿತು. ಶೇಂಗಾ, ಮೆಕ್ಕೆಜೋಳದ ಸುಗ್ಗಿಯ ದಿನಗಳಲ್ಲಿ ಆ ಹೆಚ್ಚಿನ ದಿನಗಳ ಮಕ್ಕಳನ್ನು ಯಾರು ನೋಡಿಕೊಂಡರೆಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ರಜೆಯನ್ನು ರದ್ದುಮಾಡಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಆಟ ಬೇಕು, ಶಿಕ್ಷಕರಿಗೆ ವಿಶ್ರಾಂತಿ ಬೇಕು. ಬೇಕಾಗಿರುವುದು ಮೂರೇ ವಸ್ತು: ತೆರೆದ ಒಂದು ಬಾಗಿಲು, ಮಧ್ಯಾಹ್ನದ ಒಂದು ಊಟ, ಜವಾಬ್ದಾರಿಯ ಒಬ್ಬ ಹಿರಿಯರು. ಬಾಗಿಲು ಈಗಲೇ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಅಭಿಯಾನದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆತಿದೆ. ಊಟದ ಅಡುಗೆಮನೆ ಶಾಲೆಯಲ್ಲಿ ಇದೆ. ಉಳಿದದ್ದು ಒಬ್ಬರ ಕೂಲಿ. ಹಿಂದಿನ ಲೆಕ್ಕವನ್ನೇ ಹಿಡಿದರೆ ಒಬ್ಬರನ್ನು 41 ದಿನ ನೇಮಿಸಲು 14,309 ರೂಪಾಯಿ. ಅವರ ಬಳಿ ಮಕ್ಕಳನ್ನು ಬಿಟ್ಟು ಹತ್ತು ತಾಯಂದಿರು ಕೆಲಸಕ್ಕೆ ಹೋದರೆ ಊರಿಗೆ ಉಳಿಯುವ ಕೂಲಿ 1,43,090 ರೂಪಾಯಿ. ಮೂರನೆಯ ತರಗತಿಯ ಗಣಿತ ಇಷ್ಟನ್ನು ಬಿಡಿಸಬಲ್ಲದು. ಶಾಲೆಗೆ ಮರಳಿದ ಹುಡುಗಿಯ ಮುಂದಿನ ಐವತ್ತು ವರ್ಷಗಳನ್ನು ಸೇರಿಸಿದರೆ ಯಾವ ಗಣಿತವೂ ಸಾಲದು.

ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಶಿಕ್ಷಕರಿದ್ದೀರಿ, ಊರಿಗೆ ಏನಾದರೂ ಮಾಡಬೇಕೆಂದು ಕೇಳುವ ಅನುಕೂಲಸ್ಥರೂ ಇದ್ದೀರಿ. ದೇವಸ್ಥಾನಕ್ಕೆ ಬಣ್ಣ, ಶಾಲೆಗೆ ಗೇಟು ಎಂದು ಹೆಸರು ಬರೆಸುವ ಕೊಡುಗೆಗಳು ಬೇಡವೆನ್ನುವುದಿಲ್ಲ. ಮುಂದಿನ ಏಪ್ರಿಲ್‌ಗೆ ನಿಮ್ಮ ನಿಮ್ಮ ಊರಿನಲ್ಲಿ ಒಂದು ಬಾಗಿಲು ತೆರೆದಿಡಲು ಸಾಧ್ಯವೇ ಎಂದು ಊರಿನ ತಾಯಂದಿರನ್ನೇ ಮೊದಲು ಕೇಳಿ, ಆಮೇಲೆ ನನಗೆ ತಿಳಿಸಿ. ಕಥೆ ಹೇಳಲು, ಮಗ್ಗಿ ಬಾಯಿಪಾಠ ಮಾಡಿಸಲು ಒಬ್ಬ ನಿವೃತ್ತ ಮೇಷ್ಟ್ರು ಮಾಗಳದಲ್ಲಿ ಪುಕ್ಕಟೆ ಸಿಗುತ್ತಾನೆ.